ತಮ್ಮನ ಇಂಜಿನ್, ನನ್ನ ಜೀಪು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಹೇಳಬೇಕೆಂದಿಲ್ಲ, ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತೂಕದ ಯಂತ್ರ ರಿಪೇರಿ ಮಾಡುವುದು ನನ್ನ ಕಸುಬು. ಮಂಡಿಯ ದೊಡ್ಡ ಯಂತ್ರವೇ ಇರಲಿ, ಹಳ್ಳಿಯ ಅಂಗಳದಲ್ಲಿ ಚೀಲ ತೂಗುವ ಸಣ್ಣದೇ ಇರಲಿ, ಸುಳ್ಳು ಹೇಳತೊಡಗಿದರೆ ನನಗೆ ಫೋನು ಬರುತ್ತದೆ. ನಾನು ತೂಕದ ಕಲ್ಲುಗಳನ್ನು ಒಯ್ದು, ಅದರ ಮೇಲಿಟ್ಟು, ಸುಳ್ಳು ಬಿಡಿಸಿ ಬರುತ್ತೇನೆ. ಅಷ್ಟೂ ಕಬ್ಬಿಣ ಹೊತ್ತು ಕೆಸರು ದಾರಿಯಲ್ಲಿ, ಹೊಲದ ಬದುವಿನ ಮೇಲೆ ಹೋಗಬೇಕಲ್ಲ, ಅದಕ್ಕೇ ಬಹಳ ವರ್ಷಗಳ ಹಿಂದೆ ಹರಾಜಿನಲ್ಲಿ ಒಂದು ಸಣ್ಣ ಪೆಟ್ರೋಲ್ ಜೀಪು ತಂದಿದ್ದೆ. ನಾಲ್ಕೂ ಚಕ್ರ ಎಳೆಯುವಂಥದ್ದು. ಮನೆಯಲ್ಲಿ ಈಗ ನಾನೊಬ್ಬನೇ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಕೇಳುವವರೂ ಈಗ ಕಡಿಮೆಯಾಗಿದ್ದಾರೆ, ಅದೂ ಒಂದು ಬೇಜಾರೇ.

ಆ ಜೀಪಿನ ಮೇಲೆ ನನಗೆ ವಿಪರೀತ ಮೋಹ. ಅದರ ಸದ್ದು ಎಷ್ಟು ಮೆತ್ತಗಿತ್ತು ಅಂದರೆ, ಗೇಟಿನ ಹತ್ತಿರ ಬಂದು ನಿಲ್ಲಿಸಿದರೂ ಒಳಗಿದ್ದ ಅವ್ವನಿಗೆ ಗೊತ್ತಾಗುತ್ತಿರಲಿಲ್ಲ. ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವನಾದ ತಮ್ಮ ಮದುವೆಯಾದ ಮೇಲೆ ಜಗಳೂರಿನಲ್ಲಿ ನೆಲೆ ನಿಂತವನು. ಒಂದು ಡೀಸೆಲ್ ಗೂಡ್ಸ್ ಗಾಡಿ ಇಟ್ಟುಕೊಂಡು ಈರುಳ್ಳಿ, ಮೆಕ್ಕೆಜೋಳ ಹೊಡೆಯುತ್ತಿದ್ದ. ನಮ್ಮ ಮನೆಗೆ ಬಂದಾಗಲೆಲ್ಲ ಅವನು ಮೊದಲು ಮಾಡುತ್ತಿದ್ದ ಕೆಲಸ ಜೀಪಿನ ಬಾನೆಟ್ ಎತ್ತುವುದು.

"ಅಣ್ಣ, ಈ ಪೆಟ್ರೋಲ್ ಇಂಜಿನ್ ಬ್ಯಾಸಿಗ್ಯಾಗೆ ಕೈ ಕೊಡ್ತೈತೆ. ಪೈಪಿನಾಗೇ ಪೆಟ್ರೋಲ್ ಕುದ್ದು ಆವಿ ಆಗ್ತೈತೆ. ಡೀಸಲ್ ಹಾಕ್ಸು."

"ಯಾಕೋ, ಜೀಪಿಗೆ ಟ್ರ್ಯಾಕ್ಟರ್ ಗಂಟಲು ಹಾಕ್ಸಬೇಕಾ?" ಎಂದು ನಗುತ್ತಿದ್ದೆ. ಅವನೂ ನಗುತ್ತಿದ್ದ. ಆದರೆ ಮುಂದಿನ ಸಲ ಬಂದಾಗ ಮತ್ತೆ ಅದನ್ನೇ ಹೇಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಅವ್ವನಿಗೆ ಎದೆ ನೋವು ಬಂತು. ಊರಿನ ಡಾಕ್ಟರು ದಾವಣಗೆರೆಗೆ ಕರೆದುಕೊಂಡು ಹೋಗಿ ಅಂದರು. ತಮ್ಮನಿಗೆ ಫೋನು ಮಾಡಿದೆ. ಅವನು ಜಗಳೂರಿನಿಂದ ನೇರ ಆಸ್ಪತ್ರೆಗೆ ಹೋಗಿ ಗೇಟಿನಲ್ಲಿ ನಿಂತುಕೊಂಡ. ಪಕ್ಕದ ಮನೆಯವರು ತಮ್ಮ ಕಾರು ತರುತ್ತೇವೆಂದರು. ಬೇಡ, ನನ್ನ ಜೀಪು ಇದೆ ಅಂದೆ. ಅಹಂಕಾರ ಅನ್ನುವುದು ಎಂಥ ಹೊತ್ತಿನಲ್ಲಿ ಬಾಯಿ ಹಾಕುತ್ತದೆ ನೋಡಿ. ಕತ್ತಲಗೆರೆ ಹತ್ತಿರ ಜೀಪು ಎರಡು ಸಲ ಮುಗ್ಗರಿಸಿ ನಿಂತಿತು. ತಮ್ಮ ಹೇಳಿದ್ದೇ ಆಗಿತ್ತು. ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದೆ, ಕುಡಿಯುವ ನೀರೆಲ್ಲ ಸುರಿದೆ, ಬೈದೆ, ಚಕ್ರಕ್ಕೆ ಒದ್ದೆ. ಕೈ ಅಡ್ಡ ಹಾಕಿದರೆ ಒಂದು ಗಾಡಿಯೂ ನಿಲ್ಲಲಿಲ್ಲ.

ಹಿಂದಿನ ಸೀಟಿನಲ್ಲಿ ಮಲಗಿದ್ದ ಅವ್ವ ಆಗ ಒಂದು ಮಾತು ಹೇಳಿದಳು. "ಸಣ್ಣೋನು ಹೇಳ್ದಾಗ ಕೇಳಬೇಕಿತ್ತಪ್ಪ ನೀನು. ಆ ಡೀಸಲ್ ಇಂಜಿನ್ ಹಾಕ್ಸಿದ್ರೆ ಇಷ್ಟೊತ್ತಿಗೆ ಅವನ ಮಕ ನೋಡ್ತಿದ್ದೆ."

ಬೈಗುಳದ ದನಿಯಲ್ಲಿ ಹೇಳಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಆತು ಅನ್ನುವ ಹಾಗೆ ಹೇಳಿದಳು. ಮುಕ್ಕಾಲು ಗಂಟೆಯಾದ ಮೇಲೆ ಜೀಪು ಸ್ಟಾರ್ಟ್ ಆಯಿತು. ಆಸ್ಪತ್ರೆ ತಲುಪುವ ಹೊತ್ತಿಗೆ ಅವ್ವನಿಗೆ ಮಾತು ನಿಂತಿತ್ತು. ನಾಲ್ಕು ದಿನ ಕಣ್ಣು ಬಿಡದೆ ಮಲಗಿದ್ದು ಹೋದಳು. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಬೇಗ ಬಂದಿದ್ದರೆ ಗೇಟಿನಲ್ಲಿ ನಿಂತವನು ಅವಳ ಹತ್ತಿರ ಎರಡು ಮಾತಾಡುತ್ತಿದ್ದ.

ಮಣ್ಣು ಮಾಡಿ ಬಂದ ದಿನ ತಮ್ಮ ಕೇಳಿದ. "ದಾರ್ಯಾಗೆ ಅವ್ವ ಏನಾದ್ರೂ ಅಂದ್ಲಾ?"

"ಏನೂ ಅನ್ಲಿಲ್ಲ" ಅಂದೆ.

ಯಾಕೆ ಹಾಗಂದೆ? ಅವನು ಗೆದ್ದ ಅಂತ ಅವ್ವನೇ ತೀರ್ಪು ಕೊಟ್ಟು ಹೋಗಿದ್ದಳು, ಅದನ್ನು ನನ್ನ ಬಾಯಿಂದ ಹೇಳಲು ಆಗಲಿಲ್ಲ, ಅಷ್ಟೇ. ಅವನು ನನ್ನ ಮುಖ ನೋಡಿದ. "ನಿನ್ ಶೋಕಿ ಜೀಪು ತಿಂತು ಅವಳನ್ನ" ಅಂದ. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. "ಅಷ್ಟಿದ್ದೋನು ನೀನೇ ಬಂದು ಕರ್ಕೊಂಡು ಹೋಗಬೇಕಿತ್ತು" ಅಂದೆ. ಅಲ್ಲಿಗೆ ಅಣ್ಣತಮ್ಮಂದಿರು ಮಾತು ಬಿಟ್ಟೆವು.

ಮಾತು ಬಿಡುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. ಮಾತು ಬಿಟ್ಟವರು ಮದುವೆ ಮುಂಜಿಗೆ, ಸಾವು ನೋವಿಗೆ ಬರಬಾರದು ಅಂತೇನಿಲ್ಲ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲೂಬಹುದು. ಆದರೆ ಒಬ್ಬರಿಗೊಬ್ಬರು ನೇರ ಹೇಳುವಂತಿಲ್ಲ. ನಡುವೆ ಮೂರನೆಯವರು ಬೇಕು. "ಅವರಿಗೆ ಅನ್ನ ಬೇಕಾ ಕೇಳ್ರಿ" ಅಂತ ಒಬ್ಬ, "ಸಾಕು ಅಂತ ಹೇಳ್ರಿ" ಅಂತ ಇನ್ನೊಬ್ಬ. ಮಧ್ಯೆ ಕೂತವನು ಇಬ್ಬರದ್ದೂ ಕೇಳಿಸಿಕೊಂಡು ಎರಡೆರಡು ಸಲ ಹೇಳಬೇಕು. ಮೂರನೆಯವರ ಬಾಯಿಂದ ಬಂದರೇನೇ ಅದು ಮಾತು, ಅಲ್ಲಿಯವರೆಗೆ ಬರೀ ಗದ್ದಲ. ಹನ್ನೊಂದು ವರ್ಷ ಹೀಗೆ ನಡೆಸಿದರೆ ಕಿವಿಗೂ ಅದೇ ರೂಢಿಯಾಗಿಬಿಡುತ್ತದೆ. ತಮ್ಮನ ದನಿ ಕೇಳಿಸುತ್ತಿತ್ತು, ಆದರೆ ಒಳಗೆ ಇಳಿಯುತ್ತಿರಲಿಲ್ಲ.

ನಮ್ಮ ಮೂರನೆಯವಳು ತಮ್ಮನ ಹೆಂಡತಿ. ಪಾಪ, ಹಬ್ಬಕ್ಕೊಮ್ಮೆ ತಪ್ಪದೆ ಫೋನು ಮಾಡುತ್ತಾಳೆ. ಈ ಯುಗಾದಿಗೆ ಮಾಡಿದಾಗ ಹೇಳಿದಳು. "ಭಾವ, ಇವರ ಹಳೇ ಗಾಡಿ ಬಾಡಿ ಎಲ್ಲ ತುಕ್ಕು ಹಿಡಿದು ಹೋತು. ಅದನ್ನ ಗುಜರಿಗೆ ಹಾಕಿದ್ರು. ಇಂಜಿನ್ ಮಾತ್ರ ಇಳಿಸಿ ತಾಡಪಾಲು ಮುಚ್ಚಿ ಇಟ್ಕೊಂಡಾರೆ. ಯಾರು ಕೇಳಿದ್ರೂ ಕೊಡವಲ್ರು."

ಫೋನಿಟ್ಟು ಕೂತೆ. ಹೋಳಿಗೆ ಪಕ್ಕದ ಮನೆಯವರು ಕೊಟ್ಟಿದ್ದು ತಟ್ಟೆಯಲ್ಲಿತ್ತು. ನನ್ನ ಜೀಪಿನ ಪೆಟ್ರೋಲ್ ಇಂಜಿನ್ನೂ ಅಷ್ಟೊತ್ತಿಗೆ ಹೊಗೆಯುಗುಳುತ್ತಿತ್ತು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಹೋಳಿಗೆ ಮುಗಿಸಿ ಅವಳಿಗೆ ವಾಪಸ್ಸು ಫೋನು ಮಾಡಿದೆ. "ಆ ಇಂಜಿನ್ ನನ್ನ ಜೀಪಿಗೆ ಹಾಕ್ಸಬೇಕು ಅಂತಿದೀನಿ. ಕೊಡ್ತಾರಾ ಕೇಳಮ್ಮ" ಅಂದೆ. ನಾಚಿಕೆಗೆಟ್ಟು ಹೇಳುತ್ತೇನೆ, ನನಗೆ ಬೇಕಾಗಿದ್ದು ಇಂಜಿನ್ ಒಂದೇ ಆಗಿರಲಿಲ್ಲ. ಅವ್ವ ಹೇಳಿದ ಆ ಮಾತನ್ನು ಅವನಿಗೆ ಮುಟ್ಟಿಸಬೇಕಿತ್ತು, ಮತ್ತು ಅವನು ನನ್ನನ್ನು ಒಮ್ಮೆ ಅಣ್ಣ ಅನ್ನಬೇಕಿತ್ತು.

ಎರಡು ದಿನ ಬಿಟ್ಟು ಉತ್ತರ ಬಂತು. ಇಂಜಿನ್ ಕೊಡುತ್ತಾನಂತೆ, ರೊಕ್ಕ ಬೇಡವಂತೆ. ಆದರೆ ಅದರ ಗುಣ ಅವನೊಬ್ಬನಿಗೇ ಗೊತ್ತಂತೆ, ಕೂರಿಸುವಾಗ ತಾನೂ ಇರುತ್ತಾನಂತೆ.

ಇಂಥ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬ ನ್ಯಾಮತಿಯಲ್ಲಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು, ಬಾಯಿ ತುಂಬ ಎಲೆ ಅಡಿಕೆ, ಕಷ್ಟದ ಕೆಲಸ ಸಿಕ್ಕರೆ ಖುಷಿ. ಆರ್‌ಟಿಒ ಕಚೇರಿಯಿಂದ ಇಂಜಿನ್ ಬದಲಿಸಲು ಒಪ್ಪಿಗೆ ತರಲು ನಾನು ತಿರುಗಿ ತಿರುಗಿ ಚಪ್ಪಲಿ ಸವೆಸಿದೆ. ಕಾಗದ ಕೈಗೆ ಬಂದ ವಾರವೇ ಜೀಪನ್ನು ನ್ಯಾಮತಿಗೆ ತಂದು ಬಿಟ್ಟೆ. ತಮ್ಮ ಈಗಿನ ಗಾಡಿಯಲ್ಲಿ ಇಂಜಿನ್ ಹೇರಿಕೊಂಡು ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಳಿದವನೇ ಮೆಕ್ಯಾನಿಕ್‌ಗೆ ಹೇಳಿದ. "ಅವರಿಗೆ ನಮಸ್ಕಾರ ಹೇಳ್ರಿ."

ಮೆಕ್ಯಾನಿಕ್ ಕಣ್ಣು ಕಣ್ಣು ಬಿಟ್ಟ. ಮೂರು ಮಾರು ದೂರದಲ್ಲಿ ನಾನು ನಿಂತಿದ್ದೆ. "ನಮಸ್ಕಾರ ಅಂತೆ" ಅಂದ.

"ನಮಸ್ಕಾರ ಅಂತ ಹೇಳಪ್ಪ" ಅಂದೆ.

"ಅಯ್ಯೋ ಶಿವನೆ" ಅಂದ ಅವನು. ಅವನಿಗೂ ವಿಷಯ ತಿಳಿಯಿತು.

ಕೆಲಸ ಸುಮಾರು ಒಂದು ತಿಂಗಳು ಹಿಡಿಯಿತು. ತಮ್ಮ ವಾರಕ್ಕೆ ಎರಡು ದಿನ ಬರುತ್ತಿದ್ದ, ಅವನು ಬರುವ ದಿನ ನೋಡಿಕೊಂಡು ನಾನೂ ಬಸ್ಸು ಹತ್ತುತ್ತಿದ್ದೆ. ಡೀಸೆಲ್ ಇಂಜಿನ್ ಭಾರ, ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಬೇಕಾಯಿತು. ರೇಡಿಯೇಟರನ್ನು ನಾಲ್ಕು ಬೆರಳು ಮುಂದೆ ಸರಿಸಬೇಕಾಯಿತು. ಎಲ್ಲದಕ್ಕೂ ಚರ್ಚೆ, ಎಲ್ಲ ಚರ್ಚೆಗೂ ಮೆಕ್ಯಾನಿಕ್ ಮಧ್ಯಸ್ಥ. "ಆ ಬೋಲ್ಟ್ ಸಣ್ಣದಾತು ಅಂತ ಹೇಳ್ರಿ." "ಸಾಕಾಗ್ತೈತೆ ಅಂತ ಹೇಳು." "ತಕ್ಕಡಿ ರಿಪೇರಿ ಮಾಡೋರಿಗೆ ಬೋಲ್ಟ್ ಗೊತ್ತಾಗಲ್ಲ ಅಂತ ಹೇಳ್ರಿ." ಹೀಗೆ ಮಧ್ಯಾಹ್ನದವರೆಗೆ ನಡೆದರೆ ಅವನಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. "ನಾನೇನು ಟಪಾಲಿನೋನೇನ್ರಿ? ಇಬ್ರಿಗೂ ಬಾಯಿ ಐತೆ, ದೇವರು ಕೊಟ್ಟಾನೆ" ಎಂದು ಸ್ಪ್ಯಾನರ್ ಬಿಸಾಕಿ ಟೀ ಕುಡಿಯಲು ಹೋಗುತ್ತಿದ್ದ. ಅವನು ಬರುವವರೆಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಇಂಜಿನ್ ನೋಡುತ್ತ ಕೂರುತ್ತಿದ್ದೆವು.

ಊಟಕ್ಕೆ ತಮ್ಮ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದ. ಬುತ್ತಿ ಬಿಚ್ಚಿದರೆ ಅವ್ವ ಹುರಿದು ಕುಟ್ಟುತ್ತಿದ್ದ ಚಟ್ನಿಯದೇ ವಾಸನೆ. "ಅವರು ಉಣ್ಣೋದಾದ್ರೆ ಬರ್ರಿ ಅನ್ರಿ" ಅನ್ನುತ್ತಿದ್ದ. "ಹೊಟ್ಟೆ ತುಂಬೈತೆ ಅಂತ ಹೇಳು" ಅನ್ನುತ್ತಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು ಮಾರಾಯ್ರೆ. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಯಾವ ರುಚಿಯೂ ಇಲ್ಲದ ಚಿತ್ರಾನ್ನ ತಿಂದು ಬರುತ್ತಿದ್ದೆ. ಇಂಥ ಹಠಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ.

ಅವ್ವನ ಮಾತನ್ನು ಹೇಳಿಬಿಡಬೇಕು ಎಂದು ಪ್ರತಿ ಸಲ ಬಸ್ಸಿನಲ್ಲಿ ಅಂದುಕೊಂಡು ಬರುತ್ತಿದ್ದೆ. ಅದನ್ನು ಹೇಗೆ ಹೇಳುವುದು? ಎಲೆ ಅಡಿಕೆ ಜಗಿಯುವ ಮೂರನೆಯವನ ಕೈಲಿ ಹೇಳಿಸುವ ಮಾತೇ ಅದು? ನೇರ ಹೇಳೋಣವೆಂದರೆ ಮೊದಲು ಬಾಯಿ ಬಿಟ್ಟವನು ಸೋತ ಹಾಗೆ. ಎರಡೂ ಆಗದೆ ಸಂಜೆ ಬಸ್ಸು ಹತ್ತುತ್ತಿದ್ದೆ.

ಒಂದು ದಿನ ಅವಕಾಶ ತಾನಾಗಿ ಬಂತು. ಹೊಸ ಇಂಜಿನ್ನಿಗೂ ಜೀಪಿನ ಹಳೇ ಗೇರ್ ಬಾಕ್ಸಿಗೂ ಬೋಲ್ಟಿನ ತೂತು ಒಂದಕ್ಕೊಂದು ಕೂರುವುದಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಮಾಡಿಸಬೇಕು, ಒಂದು ಕಡೆಯ ತೂತು ಇಂಜಿನ್ನಿಗೆ, ಇನ್ನೊಂದು ಕಡೆಯದು ಗೇರ್ ಬಾಕ್ಸಿಗೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬೇರಿಂಗ್ ತಿಂದುಹೋಗುತ್ತದೆ. ಅದನ್ನು ಹೊನ್ನಾಳಿಯ ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡು ಬನ್ನಿ ಅಂತ ಮೆಕ್ಯಾನಿಕ್ ಹೇಳಿದ. ಅಳತೆ ತಮ್ಮನಿಗೆ ಗೊತ್ತು, ಲೇತಿನವನು ನನಗೆ ಪರಿಚಯ. ಇಬ್ಬರೂ ಹೋಗಲೇಬೇಕು. "ನಾನು ಬರಲ್ಲಪ್ಪ, ಹಾಳಾಗಿ ಹೋಗ್ರಿ ಇಬ್ರೂ" ಎಂದು ಕೈ ಮುಗಿದ. ಬೇಕೆಂದೇ ಕಳಿಸಿದ ಅಂತ ನನಗೆ ಈಗಲೂ ಗುಮಾನಿ.

ತಮ್ಮನ ಗಾಡಿಯಲ್ಲಿ ಪಕ್ಕದಲ್ಲಿ ಕೂತೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ. ಭತ್ತದ ಗದ್ದೆಗಳು ಹಿಂದೆ ಹೋದವು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ. ಈಗ ಮಾತಾಡುತ್ತಾನೆ ಅಂದುಕೊಂಡು ಅವನ ಕಡೆ ತಿರುಗಿದೆ. ಕೆಮ್ಮು ಅದು. ಮುಂದೆ ನಾನು ಬಾಯಿ ತೆರೆದೆ, ಅಷ್ಟರಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು, ಅವನು ಹಾರ್ನ್ ಹೊಡೆದ. ಹೊನ್ನಾಳಿ ಬಂದೇಬಿಟ್ಟಿತು.

ಲೇತ್ ಅಂಗಡಿಯಲ್ಲಿ ಪ್ಲೇಟು ಕೊರೆಯುವವರೆಗೆ ಹೊರಗೆ ಟೀ ಅಂಗಡಿಯಲ್ಲಿ ನಿಂತೆವು. ತಮ್ಮ ಟೀ ಅಂಗಡಿಯವನಿಗೆ ಹೇಳಿದ. "ಎರಡು ಟೀ. ಒಂದಕ್ಕೆ ಸಕ್ಕರೆ ಹಾಕಬ್ಯಾಡ್ರಿ."

ನನಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಅವನಿಗೆ ನಾನು ಹೇಳಿರಲಿಲ್ಲ. ಹೆಂಡತಿಯ ಕೈಲಿ ಕೇಳಿಸಿಕೊಂಡಿರಬೇಕು, ನೆನಪಿಟ್ಟುಕೊಂಡಿದ್ದ. ಅಳು ಬಂತು. ಹೊಳೆ ನೋಡುವ ನೆಪದಲ್ಲಿ ಸೇತುವೆಯ ಕಡೆ ನಾಲ್ಕು ಹೆಜ್ಜೆ ಹೋಗಿ ನಿಂತು, ಮೂಗು ಒರೆಸಿಕೊಂಡು ಬಂದೆ. ವಾಪಸ್ಸು ಬರುವಾಗ ಪ್ಲೇಟು ನನ್ನ ತೊಡೆಯ ಮೇಲಿತ್ತು, ಬಿಸಿ ಆರಿರಲಿಲ್ಲ. ಆಗಲೂ ನಾನು ಹೇಳಲಿಲ್ಲ.

ಇಂಜಿನ್ ಕೂತಿತು. ಒಂದು ಸಣ್ಣ ತೊಡಕು ಬಾಕಿಯಿತ್ತು. ಹಳೇ ಡೀಸೆಲ್ ಇಂಜಿನ್ ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಡೀಸೆಲ್ ಬರುವುದನ್ನು ಒಂದು ತಂತಿ ಎಳೆದು ನಿಲ್ಲಿಸಬೇಕು. ಆ ತಂತಿಯನ್ನು ತಮ್ಮ ನನ್ನ ಜೀಪಿನ ಹಳೇ ಚೋಕ್ ಗುಂಡಿಗೇ ಕಟ್ಟಿದ. ಪೆಟ್ರೋಲ್ ಇಂಜಿನ್ ಇದ್ದಾಗ ಬೆಳಿಗ್ಗೆ ಸ್ಟಾರ್ಟ್ ಮಾಡಲು ಎಳೆಯುತ್ತಿದ್ದ ಗುಂಡಿ, ಇನ್ನು ಮೇಲೆ ನಿಲ್ಲಿಸಲು ಎಳೆಯುವ ಗುಂಡಿ. "ಹಳೇ ರೂಢಿ ಮ್ಯಾಲೆ ಸ್ಟಾರ್ಟ್ ಮಾಡಾಕೆ ಎಳೆದಾರು, ನೆನಪಿರ್ಲಿ ಅಂತ ಹೇಳ್ರಿ" ಅಂದ. ಮೆಕ್ಯಾನಿಕ್ ಹೇಳಿದ.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಇಂಜಿನ್ನಿಗೆ ವಿಭೂತಿ ಪಟ್ಟೆ ಹಚ್ಚಿ, ಕಾಯಿ ಒಡೆದೆವು. ಈ ಇಂಜಿನ್ನಿನ ಗಾಳಿ ಫಿಲ್ಟರ್ ಹಳೇ ಕಾಲದ್ದು. ಅದರ ತಳದಲ್ಲೊಂದು ಬಟ್ಟಲು, ಆ ಬಟ್ಟಲಲ್ಲಿ ಗುರುತಿನವರೆಗೆ ಎಣ್ಣೆ. ಗಾಳಿಯ ಧೂಳು ಎಣ್ಣೆಗೆ ಅಂಟಿಕೊಂಡು ಉಳಿಯುತ್ತದೆ. ಎಣ್ಣೆ ಹೆಚ್ಚಾದರೆ ಇಂಜಿನ್ ಗಾಳಿಯ ಜೊತೆ ಅದನ್ನೂ ಎಳೆದುಕೊಂಡು ಕುಡಿಯುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ತಮ್ಮ ಬಟ್ಟಲಿಗೆ ಎಣ್ಣೆ ಹಾಕಿ, "ಫಿಲ್ಟರಿಗೆ ಎಣ್ಣೆ ಹಾಕೀನಿ, ಅವರಿಗೆ ಹೇಳ್ರಿ" ಅಂದ. ಮೆಕ್ಯಾನಿಕ್ ಗಾಡಿಯ ಅಡಿಯಲ್ಲಿ ಮಲಗಿ ಸುತ್ತಿಗೆ ಬಡಿಯುತ್ತಿದ್ದ, ಹೇಳಲಿಲ್ಲ. ನಾನು ಎರಡು ಮಾರು ದೂರದಲ್ಲಿ, ಫಿಲ್ಟರಿಗೆ ಹಾಕಲು ಮೆಕ್ಯಾನಿಕ್ ಕೊಟ್ಟಿದ್ದ ಎಣ್ಣೆ ಡಬ್ಬಿ ಹಿಡಿದು ನಿಂತಿದ್ದೆ. ಕೇಳಿಸಲಿಲ್ಲವೇ? ಕೇಳಿಸಿತು. ಆದರೆ ನನಗೆ ಅಂತ ಯಾರೂ ಹೇಳಲಿಲ್ಲವಲ್ಲ, ಹಾಗಾಗಿ ಅದು ಮಾತಾಗಿರಲಿಲ್ಲ, ಸುತ್ತಿಗೆ ಸದ್ದಿನ ಜೊತೆ ಅದೂ ಒಂದು ಸದ್ದು. ಅವನು ಕೈ ತೊಳೆಯಲು ಹೋದ. ನಾನು ಹೋಗಿ ಬಟ್ಟಲಿನ ಮುಚ್ಚಳವನ್ನು ಒಂದಿಷ್ಟು ಎತ್ತಿ, ಒಳಗೆ ನೋಡದೆ, ಡಬ್ಬಿಯಲ್ಲಿದ್ದುದನ್ನೆಲ್ಲ ಸುರಿದು ಮುಚ್ಚಿದೆ.

ಮೆಕ್ಯಾನಿಕ್ ಕೀಲಿ ತಿರುಗಿಸಿದ. ಇಂಜಿನ್ ಒಂದು ಸಲ ಗೊಗ್ಗರಿಸಿ ಹಿಡಿದುಕೊಂಡಿತು. ಮೂವರೂ ನಕ್ಕೆವು. ಎರಡು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಸದ್ದು ತಾನಾಗಿಯೇ ಏರತೊಡಗಿತು. ಕಾಲು ತೆಗೆದರೂ ಏರಿತು. ಕೀಲಿ ತಿರುಗಿಸಿದ, ನಿಲ್ಲಲಿಲ್ಲ. ಚೋಕ್ ಗುಂಡಿ ಎಳೆದ, ನಿಲ್ಲಲಿಲ್ಲ. ಅದಕ್ಕೆ ಡೀಸೆಲ್ ಬೇಕಾಗಿಯೇ ಇರಲಿಲ್ಲ, ನಾನು ಸುರಿದ ಎಣ್ಣೆಯನ್ನೇ ಕುಡಿದು ಉರಿಯುತ್ತಿತ್ತು. ನೀಲಿ ಹೊಗೆ ಗ್ಯಾರೇಜು ತುಂಬಿತು. ಜೀಪು ಗಡಗಡ ನಡುಗಿತು. ಮೆಕ್ಯಾನಿಕ್ ಫಿಲ್ಟರಿನ ರಬ್ಬರ್ ಪೈಪು ಕಿತ್ತೆಸೆದು, "ಸಿಡಿತೈತೆ, ಬರ್ರಿ ಆಚೆ!" ಎಂದು ಓಡಿದ. ಪೈಪಿನಲ್ಲಿ ಆಗಲೇ ಇಳಿದಿದ್ದ ಎಣ್ಣೆ ಸಾಕಾಗಿತ್ತು, ಅದು ಇನ್ನೂ ಅರಚುತ್ತಲೇ ಇತ್ತು.

ತಮ್ಮ ಇಷ್ಟು ವರ್ಷ ಜೋಪಾನ ಮಾಡಿದ ಇಂಜಿನ್ ನನ್ನ ಕೈಯಲ್ಲಿ ಸಾಯುತ್ತಿದೆ, ಇದೊಂದೇ ನನ್ನ ತಲೆಯಲ್ಲಿದ್ದದ್ದು. ಗಾಳಿ ಹೋಗುವ ಬಾಯಿ ಮುಚ್ಚಿದರೆ ನಿಂತೀತು ಅನ್ನಿಸಿತು. ಅಂಗೈ ಚಾಚಿ ಒತ್ತಿದೆ. ಅದು ಕೈಯನ್ನು ಕಚ್ಚಿ ಎಳೆಯಿತು.

"ಅಣ್ಣಾ! ಕೈ ತಗಿಯೋ ಅಣ್ಣಾ!"

ತೋಳು ಹಿಡಿದು ಕಿತ್ತ. ಚಕ್ರಕ್ಕೆ ಒತ್ತು ಕೊಟ್ಟಿದ್ದ ಹಲಗೆಯ ತುಂಡನ್ನು ಆ ಬಾಯಿಗೆ ಅಡ್ಡ ಇಟ್ಟು, ಎರಡೂ ಕೈಯಲ್ಲಿ ಮೈಭಾರ ಹಾಕಿ ಒತ್ತಿ ಹಿಡಿದ. ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು.

ಹೊಗೆ ಬಾಗಿಲಿನಿಂದ ನಿಧಾನ ಹೊರಗೆ ಹೋಗುತ್ತಿತ್ತು. ನನ್ನ ಅಂಗೈಯ ಚರ್ಮ ಸುಲಿದು ರಕ್ತ ತೊಟ್ಟಿಕ್ಕುತ್ತಿತ್ತು, ನೋವು ಗೊತ್ತಾಗಲಿಲ್ಲ. ಅಣ್ಣ ಅಂದಿದ್ದ. ಎರಡು ಸಲ ಅಂದಿದ್ದ. ಇನ್ನೊಂದು ಮಾತು ಅವನೇ ಆಡಲಿ, ನಾನು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಅವನ ಮುಖವನ್ನೇ ನೋಡುತ್ತ ನಿಂತೆ. ಅವನು ಏದುಸಿರು ಬಿಡುತ್ತ ನನ್ನ ಕೈ ನೋಡಿದ, ನನ್ನನ್ನು ನೋಡಿದ. ಅಷ್ಟರಲ್ಲಿ ಮೆಕ್ಯಾನಿಕ್ ಬಾಗಿಲಿನಿಂದ ಇಣುಕಿದ.

"ಕೈಗೆ ಭಾಳ ಪೆಟ್ಟಾತಾ ಕೇಳ್ರಿ ಅವರನ್ನ" ಅಂದ ತಮ್ಮ.

ಥತ್! ಆ ಮೆಕ್ಯಾನಿಕ್ ಇನ್ನೊಂದು ನಿಮಿಷ ತಡವಾಗಿ ಬಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? "ಏನೂ ಆಗಿಲ್ಲ ಅಂತ ಹೇಳು" ಅಂದೆ. ನನ್ನ ಅದೇ ಹಳೇ ಉತ್ತರ, ಏನೂ ಇಲ್ಲ.

ಇಂಜಿನ್ ಗಟ್ಟಿ ಪಿಂಡ, ಉಳಿಯಿತು. ಎರಡು ದಿನ ಬಿಚ್ಚಿ ತೊಳೆದು ಮತ್ತೆ ಕೂರಿಸಿದರು. ಎಣ್ಣೆ ಯಾರು ಎರಡನೇ ಸಲ ಹಾಕಿದ್ದು ಅಂತ ತಮ್ಮ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಜೀಪು ನನ್ನ ಕೈಗೆ ಕೊಟ್ಟ ದಿನ ಬಾನೆಟ್ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. "ಹೋಗಿಬರ್ತೀನಿ ಅಂತ ಹೇಳ್ರಿ" ಅಂದ. ಜಗಳೂರಿನ ದಾರಿ ಹಿಡಿದ. ನಾನು ಚನ್ನಗಿರಿಗೆ ಬಂದೆ. ದಾರಿಯುದ್ದಕ್ಕೂ ಅವನ ಹಳೇ ಗಾಡಿಯದೇ ಸದ್ದು ನನ್ನ ಮುಂದೆ.

ಈಗ ಗೇಟಿನ ಹತ್ತಿರ ಬಂದರೆ ಇಡೀ ಕೇರಿಗೆ ಗೊತ್ತಾಗುತ್ತದೆ. ಒಳಗೆ ಮಾತ್ರ ಯಾರೂ ಇಲ್ಲ. ಮೊದಲ ವಾರ ಹಳೇ ರೂಢಿಯ ಮೇಲೆ ಚೋಕ್ ಗುಂಡಿ ಎಳೆದೇ ಸ್ಟಾರ್ಟ್ ಮಾಡಲು ನೋಡುತ್ತಿದ್ದೆ, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ನನ್ನನ್ನೇ ಬೈದುಕೊಂಡು ಗುಂಡಿ ಒಳಗೆ ತಳ್ಳುತ್ತಿದ್ದೆ. ಕೆಲಸವಿಲ್ಲದ ದಿನವೂ ಬೆಳಿಗ್ಗೆ ಹತ್ತು ನಿಮಿಷ ಶೆಡ್ಡಿನಲ್ಲಿ ಇಂಜಿನ್ ಓಡಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಅಭ್ಯಾಸವಾಯಿತು. ಬ್ಯಾಟರಿಗೆ ಒಳ್ಳೆಯದು ಅಂತ ಕೇಳಿದವರಿಗೆ ಹೇಳುತ್ತಿದ್ದೆ.

ಹೀಗೆ ಕೂತಿದ್ದಾಗಲೇ ಒಂದು ಬೆಳಿಗ್ಗೆ ಫೋನು ಬಂತು. ತಮ್ಮನ ಹೆಂಡತಿಯ ನಂಬರಲ್ಲ. 'ತಮ್ಮ' ಎಂದು ಹನ್ನೊಂದು ವರ್ಷದ ಹಿಂದೆ ಬರೆದುಕೊಂಡ ಹೆಸರು, ಫೋನು ಬದಲಾದರೂ ಅಳಿಸದೆ ಬಂದದ್ದು, ಪರದೆಯ ಮೇಲೆ ಕಾಣಿಸಿತು. "ಹಲೋ" ಅಂದೆ.

ಆ ಕಡೆಯಿಂದ, "ಮನ್ಯಾಗೆ ಯಾರಾದ್ರೂ ಅದಾರೇನ್ರಿ?"

ನನ್ನ ಮನೆಯಲ್ಲಿ ಯಾರಿರುತ್ತಾರೆ? ಅವನಿಗೆ ಗೊತ್ತಿಲ್ಲವೇ? ರೇಗಿಹೋಯಿತು. ಯಾರೂ ಇಲ್ಲ ಕಣೋ, ನಾನೊಬ್ಬನೇ ಸತ್ಕೊಂಡು ಬಿದ್ದೀನಿ ಎಂದು ಕೂಗಬೇಕೆನ್ನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ.

"ಅದೀನ್ರಿ. ಹೇಳ್ರಿ."

"ಗಾಡಿ ಹೆಂಗೈತೆ ಕೇಳ್ರಿ ಅವರನ್ನ."

"ಚೆನ್ನಾಗೈತಂತೆ."

"ಬಿಸಿಲಾಗೆ ಎಲ್ಲಾದ್ರೂ ನಿಂತಿತ್ತಾ?"

"ಎಲ್ಲೂ ನಿಂತಿಲ್ವಂತೆ."

"ಕೈ?"

"ಮಾಯ್ದೈತಂತೆ."

"ಸರಿ, ಇಡ್ತೀನ್ರಿ ಹಂಗಾದ್ರೆ."

"ತಡೀರಿ" ಅಂದೆ. ಕುರ್ಚಿಯಿಂದ ಎದ್ದು ನಿಂತಿದ್ದೆ. "ಅವರು ಒಂದು ಮಾತು ಹೇಳಾಕೆ ಹೇಳ್ಯಾರೆ."

"ಏನಂತೆ?"

"ಅವತ್ತು ಅವರವ್ವ ದಾರ್ಯಾಗೆ ಒಂದು ಮಾತು ಅಂದಿದ್ರಂತೆ. ಸಣ್ಣೋನು ಹೇಳ್ದಾಗ ಕೇಳಬೇಕಿತ್ತಪ್ಪ ನೀನು, ಆ ಡೀಸಲ್ ಇಂಜಿನ್ ಹಾಕ್ಸಿದ್ರೆ ಇಷ್ಟೊತ್ತಿಗೆ ಅವನ ಮಕ ನೋಡ್ತಿದ್ದೆ, ಅಂತ."

ಈ ಕಡೆ ಇಂಜಿನ್ ಓಡುತ್ತಿತ್ತು, ಅವನಿಗೂ ಅದು ಕೇಳಿಸುತ್ತಿದ್ದಿರಬೇಕು.

"ಏನೂ ಅನ್ಲಿಲ್ಲ ಅಂದಿದ್ರಲ್ಲ ಅವರು?"

"ಸುಳ್ಳು ಹೇಳಿದ್ರಂತೆ."

ಅವನು ಅಳುತ್ತಿದ್ದನೋ, ಫೋನನ್ನು ದೂರ ಹಿಡಿದಿದ್ದನೋ ತಿಳಿಯಲಿಲ್ಲ. ಕೊನೆಗೆ ಅವನ ದನಿ ಬಂತು.

"ತಡ ಆತು ಅಂತ ಹೇಳ್ರಿ ಅವರಿಗೆ."

"ಹೇಳ್ತೀನ್ರಿ" ಅಂದೆ. ಫೋನು ಆಗಲೇ ಕಟ್ಟಾಗಿತ್ತು.

ಜೀಪಿನೊಳಗೆ ಕೈ ಹಾಕಿ ಚೋಕ್ ಗುಂಡಿ ಎಳೆದೆ. ಇಂಜಿನ್ ನಿಂತಿತು. ಕುರ್ಚಿಯಲ್ಲಿ ಕೂತು, "ತಡ ಆತಂತೆ" ಅಂದೆ. ಕೇಳಿಸಿಕೊಳ್ಳಲು ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ.